ಎಲೆಯ ಬಾಗಿಲು ಮುಚ್ಚುವ ಮುನ್ನ

ನಮ್ಮ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರನಿಗೆ ಬೇಸಿಗೆಯಲ್ಲಿ ಎರಡು ತದ್ವಿರುದ್ಧ ಕೆಲಸಗಳಿರುತ್ತವೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹಣ್ಣಿನೊಳಗಿನ ನೀರನ್ನು ಆದಷ್ಟು ಬೇಗ ಹೊರಗೆ ಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಎಲೆಯೊಳಗಿನ ನೀರನ್ನು ಆದಷ್ಟು ಹೊತ್ತು ಒಳಗೇ ಹಿಡಿದಿಡಬೇಕು.

ಮೊದಲನೆಯ ಕೆಲಸದಲ್ಲಿ ನಮ್ಮವರು ಪಳಗಿದ್ದಾರೆ. ಒಣದ್ರಾಕ್ಷಿ ಮಾಡುವಾಗ ಕಿತ್ತ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ಹಣ್ಣಿನ ಸಿಪ್ಪೆಯ ಮೇಲೆ ನಿಸರ್ಗ ಬಳಿದ ಮೇಣದ ಪದರ ಇದರಿಂದ ಸಡಿಲಾಗುತ್ತದೆ. ಆಮೇಲೆ ಶೆಡ್ಡಿನ ನೆರಳಿನಲ್ಲಿ ಹರವಿದರೆ ಹದಿನೈದು ದಿನಗಳ ಆಚೀಚೆ ಹಣ್ಣು ಒಣಗಿ ಮನೂಕ ಆಗುತ್ತದೆ. ಅದ್ದದೆ ಹಾಗೆಯೇ ಹರವಿದರೆ ಇನ್ನೂ ಬಹಳ ದಿನ ಕಾಯಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದ ಮೇಣದ ಪದರ ನೀರನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನ್ನ ತರಗತಿಯಲ್ಲೂ ಇಲ್ಲ.

ತೊಡಕು ಇರುವುದು ಎರಡನೆಯ ಕೆಲಸದಲ್ಲಿ. ಹಣ್ಣು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಬಳ್ಳಿಯನ್ನು ಹಿಂದಕ್ಕೆ ಕತ್ತರಿಸುತ್ತಾರೆ. ಇದಕ್ಕೆ ‘ಏಪ್ರಿಲ್ ಚಾಟ್ನಿ’ ಎನ್ನುತ್ತಾರೆ. ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ, ಏಪ್ರಿಲ್ ಚಾಟ್ನಿ ಕಡ್ಡಿಗಾಗಿ. ಏಪ್ರಿಲ್‌ನಲ್ಲಿ ಕತ್ತರಿಸಿದ ಬಳ್ಳಿ ಹದಿನೈದು ದಿನಗಳಲ್ಲಿ ಚಿಗುರುತ್ತದೆ. ಆ ಚಿಗುರು ಕಡ್ಡಿಯಾಗಿ ಬಲಿಯುವಾಗ, ಸುಮಾರು ನಲವತ್ತನೆಯ ದಿನದಿಂದ ಎಪ್ಪತ್ತನೆಯ ದಿನದೊಳಗೆ, ಅದರ ಕಣ್ಣುಗಳಲ್ಲಿ ಮುಂದಿನ ವರ್ಷದ ಗೊನೆ ಬಹಳ ಸಣ್ಣ ರೂಪದಲ್ಲಿ ರೂಪುಗೊಳ್ಳುತ್ತದೆ. ಅಂದರೆ ಬರುವ ಫೆಬ್ರುವರಿಯಲ್ಲಿ ಕೈಗೆ ಬರುವ ಫಸಲು ಎಷ್ಟು ಎಂಬುದು ಹಿಂದಿನ ಮೇ, ಜೂನ್ ತಿಂಗಳಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಬಿಸಿಲು 42 ಡಿಗ್ರಿ ಮುಟ್ಟುವುದು, ಕೊಳವೆಬಾವಿ ಸೊರಗುವುದು ಆಗಲೇ. ಬಳ್ಳಿಯೇ ಸತ್ತರಂತೂ ಹೊಸದಾಗಿ ನೆಟ್ಟು ಹಣ್ಣು ಕಾಣಲು ಮತ್ತೆ ಎರಡು-ಮೂರು ವರ್ಷ ಬೇಕು. ಸಾಲದ ಕಂತು ಅಷ್ಟು ವರ್ಷ ಕಾಯುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದರ ಮರುಬೇಸಿಗೆ, 2024ರ ಏಪ್ರಿಲ್ ಕೊನೆಯಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮೂರು ಎಕರೆ ತೋಟ, ಹನ್ನೆರಡು ವರ್ಷದ ಬಳ್ಳಿಗಳು. ಬೋರು ದಿನಕ್ಕೆ ಎರಡು ತಾಸು ಎಳೆದರೆ ಹೆಚ್ಚು. ಚೀಲದಿಂದ ನಾಲ್ಕು ಬಾಟಲಿ, ಒಂದು ಬಿಳಿ ಪುಡಿಯ ಪೊಟ್ಟಣ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ.

“ಸರ, ಇದರೊಳಗ ಯಾವದ ಹೊಡದ್ರ ನೀರ ಕಮ್ಮಿ ಬಿದ್ರೂ ನಡೀತೈತಿ, ನೀವ ಹೇಳ್ರಿ. ಎಲ್ಲಾ ಹೊಡ್ಯಾಕ ರೊಕ್ಕಿಲ್ಲ. ಏನೂ ಹೊಡೀಲಿಲ್ಲಂದ್ರ ಬಳ್ಳಿ ಉಳ್ಯಾಂಗಿಲ್ಲ ಅಂತ ಅಂಗಡಿಯವ್ರು ಹೇಳ್ತಾರ.”

“ಅಂಗಡಿಯವ್ರ ಮಾತ ಇರಲಿ, ಬಳ್ಳಿ ಏನ ಹೇಳತೈತಿ ಕೇಳೂಣು ಬಾ” ಎಂದೆ. ಶಾಲೆಗೆ ರಜೆ ಇತ್ತು.

ಹೈಸ್ಕೂಲಿನಲ್ಲಿ ವಿಜ್ಞಾನ ಓದಿದ ಎಲ್ಲರಿಗೂ ನಾಲ್ಕು ಎಲೆಗಳ ಪ್ರಯೋಗ ನೆನಪಿರಬಹುದು. ಒಂದೇ ಅಳತೆಯ ನಾಲ್ಕು ಎಲೆಗಳನ್ನು ತೊಟ್ಟಿನ ಸಮೇತ ಕಿತ್ತು, ತೊಟ್ಟಿನ ತುದಿಗೆ ವ್ಯಾಸಲೀನ್ ಹಚ್ಚಿ, ದಾರಕ್ಕೆ ಕಟ್ಟಿ ನೆರಳಿನಲ್ಲಿ ತೂಗುಹಾಕುವುದು. ಮೊದಲನೆಯದಕ್ಕೆ ಬೇರೇನೂ ಹಚ್ಚುವುದಿಲ್ಲ. ಎರಡನೆಯದಕ್ಕೆ ಮೇಲ್ಮೈಗೆ, ಮೂರನೆಯದಕ್ಕೆ ಕೆಳಮೈಗೆ, ನಾಲ್ಕನೆಯದಕ್ಕೆ ಎರಡೂ ಕಡೆ ವ್ಯಾಸಲೀನ್ ಸವರುವುದು. ಮೇ ತಿಂಗಳ ನಡುವೆ ಅವನ ತೋಟದ ಎಲೆ ಬಲಿತ ಮೇಲೆ ಅಲ್ಲಿಯೇ ಇದನ್ನು ಮಾಡಿದೆವು. ಮರುದಿನವೇ ಮೊದಲ ಎರಡು ಎಲೆಗಳು ಮುದುಡಿದ್ದವು. ಕೊನೆಯ ಎರಡು ಹಸಿರಾಗಿಯೇ ಇದ್ದವು. ಮೇಲ್ಮೈಗೆ ಹಚ್ಚಿದ್ದರಿಂದ ಎರಡನೆಯ ಎಲೆಗೆ ಹೇಳಿಕೊಳ್ಳುವಂಥ ಲಾಭ ಆಗಿರಲಿಲ್ಲ.

ಕಾರಣ ಸರಳ. ಎಲೆಯ ಮೇಲ್ಮೈಯನ್ನು ಮೇಣದ ಪದರ ಮೊದಲೇ ಕಾಯುತ್ತಿದೆ. ನೀರು ಆವಿಯಾಗಿ ಹೊರಹೋಗುವುದು ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಗಿಲುಗಳಿಂದ. ದ್ರಾಕ್ಷಿ ಎಲೆಯಲ್ಲಿ ಈ ಬಾಗಿಲುಗಳು ಇರುವುದು ಕೆಳಮೈಯಲ್ಲಿ.

ಮೂರನೆಯ ಎಲೆ ನೋಡಿ ಹುಡುಗನ ಮುಖ ಅರಳಿತು. “ಹಂಗಾದ್ರ ತೆಳಗಿನ ಮಗ್ಗಲಕ್ಕ ಇಂಥಾದ್ದೇನಾರ ಹೊಡದ್ರ ಮುಗೀತಲ್ರಿ ಸರ?” ಎಂದ. ಅವನ ನಾಲ್ಕು ಬಾಟಲಿಗಳಲ್ಲಿ ಒಂದು ಅಂಥದ್ದೇ. ಪೈನ್ ಮರದ ಅಂಟಿನಿಂದ ತಯಾರಾದದ್ದು; ಎಲೆಯ ಮೇಲೆ ತೆಳ್ಳನೆಯ ಪೊರೆಯಾಗಿ ಕೂತು ಆವಿ ಹೋಗುವುದನ್ನು ತಡೆಯುತ್ತದೆ. ಇಂಥವನ್ನು ಬಾಷ್ಪವಿಸರ್ಜನೆ ನಿರೋಧಕಗಳೆಂದು ಕರೆಯುತ್ತಾರೆ. ನಾನು ಬಿಎಸ್ಸಿ ಓದುವಾಗ ಈ ಅಧ್ಯಾಯದಲ್ಲಿ ಫಿನೈಲ್ ಮರ್ಕ್ಯುರಿಕ್ ಅಸಿಟೇಟ್ ಹೆಸರು ಬರುತ್ತಿತ್ತು. ಪತ್ರರಂಧ್ರಗಳನ್ನೇ ಮುಚ್ಚಿಸುವ ಪಾದರಸದ ಸಂಯುಕ್ತ ಅದು. ಪಾದರಸದ ವಿಷ ಗೊತ್ತಿದ್ದದ್ದೇ. ನಮ್ಮ ದೇಶದಲ್ಲಿ ಅದೀಗ ನಿಷೇಧಿತ. ಪೈನ್ ಅಂಟು ಅಂಥ ವಿಷವಲ್ಲ. ಆದರೆ ಅದಕ್ಕೂ ಒಂದು ಬೆಲೆ ಇದೆ. ಆ ಬೆಲೆ ಬಾಟಲಿಯ ಮೇಲೆ ಬರೆದಿರುವುದಿಲ್ಲ.

ದಾರಕ್ಕೆ ತೂಗುಹಾಕಿದ ಎಲೆ ನೆರಳಿನಲ್ಲಿದೆ. ಅದು ಬದುಕುವ ಕೆಲಸ ಬಿಟ್ಟು ಬರೀ ಒಣಗದೆ ಉಳಿದಿದೆ, ಅಷ್ಟೆ. ಬಳ್ಳಿಯ ಮೇಲಿನ ಎಲೆ ಬಿಸಿಲಿನಲ್ಲಿ ನಿಂತು ಅಡುಗೆ ಮಾಡಬೇಕು. ನೀರಾವಿ ಹೊರಗೆ ಹೋಗುವ ಬಾಗಿಲಿನಿಂದಲೇ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕು. ಎರಡಕ್ಕೂ ಬೇರೆ ಬೇರೆ ಬಾಗಿಲುಗಳಿಲ್ಲ. ನೀರು ಉಳಿಸಲು ಬಾಗಿಲು ಮುಚ್ಚಿದರೆ ಒಲೆಗೆ ಸೌದೆ ಬರುವುದೂ ನಿಲ್ಲುತ್ತದೆ.

ಇನ್ನೊಂದು ಬೆಲೆ ಬಿಸಿ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ನೀರು ಎಲೆಯಿಂದ ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಮಡಕೆ ನೀರು ತಣ್ಣಗಿಡುವುದು ಹೀಗೆಯೇ. ಎಲೆ ಬೆವರದಿದ್ದರೆ ಸುಡುತ್ತದೆ.

ಹೇಳಿದರೆ ನಂಬುವುದು ಕಷ್ಟ ಎಂದು ಕೋವಿಡ್ ಕಾಲದಲ್ಲಿ ಮಕ್ಕಳ ಹಣೆಗೆ ಹಿಡಿಯಲು ಕೊಂಡಿದ್ದ ಉಷ್ಣಮಾಪಕ ಒಯ್ದಿದ್ದೆ. ಅದರಲ್ಲಿ ವಸ್ತುಗಳ ಮೇಲ್ಮೈಯ ಬಿಸಿ ಅಳೆಯುವ ಗುಂಡಿಯೂ ಇದೆ. ಹಿಂದಿನ ದಿನ ನೀರು ಕುಡಿದ ಒಂದೇ ಬಳ್ಳಿಯಲ್ಲಿ ಅಕ್ಕಪಕ್ಕದ ಎರಡು ಎಲೆ ಆರಿಸಿ, ಒಂದರ ಕೆಳಮೈಗೆ ವ್ಯಾಸಲೀನ್ ಸವರಿ, ಮಧ್ಯಾಹ್ನ ಎರಡು ಗಂಟೆಗೆ ಹಿಡಿದು ನೋಡಿದೆವು. ಸವರಿದ ಎಲೆ ಪ್ರತಿಸಲವೂ ಹೆಚ್ಚು ಬಿಸಿ ತೋರಿಸಿತು. ಇದೇನೂ ನಮ್ಮ ಶೋಧವಲ್ಲ. ಶಾಖ ಹಿಡಿಯುವ ಕ್ಯಾಮೆರಾದಿಂದ ದ್ರಾಕ್ಷಿ ಬಳ್ಳಿಯ ಬಾಯಾರಿಕೆ ಅಳೆಯುವ ವಿಜ್ಞಾನಿಗಳು, ಬೆವರುವುದನ್ನು ಪೂರ್ತಿ ನಿಲ್ಲಿಸಿದ ಎಲೆ ಎಷ್ಟು ಕಾಯುತ್ತದೆ ಎಂದು ತಿಳಿಯಲು ಇದೇ ಉಪಾಯ ಮಾಡುತ್ತಾರೆ. ಪೈನ್ ಅಂಟಿನ ಪೊರೆ ವ್ಯಾಸಲೀನ್‌ನಷ್ಟು ಬಿಗಿಯಲ್ಲ ನಿಜ. ಆದರೆ ಅದು ಹಿಡಿಯುವ ದಾರಿ ಅದೇ. ಗೊನೆ ರೂಪುಗೊಳ್ಳಲು ಕಡ್ಡಿಯಲ್ಲಿ ಅನ್ನ ಶೇಖರವಾಗಬೇಕಾದ ಕಾಲದಲ್ಲೇ ಅನ್ನದ ಬಾಗಿಲು ಮುಚ್ಚುವುದು ಜಾಣತನವೇ ಎಂದು ಕೇಳಿದೆ. ಹುಡುಗ ಆ ಬಾಟಲಿಯನ್ನು ಪಕ್ಕಕ್ಕೆ ಸರಿಸಿದ.

ಬಿಳಿ ಪುಡಿಯ ಕಥೆ ಬೇರೆ. ಅದು ಕೇಯೋಲಿನ್, ಪಿಂಗಾಣಿ ಪಾತ್ರೆ ಮಾಡುವ ಜೇಡಿಮಣ್ಣು. ಚೀನಾದ ಗಾವ್‌ಲಿಂಗ್ ಎಂಬ ಊರಿನಿಂದ ಅದಕ್ಕೆ ಆ ಹೆಸರು. ಚೆನ್ನಾಗಿ ಶುದ್ಧಮಾಡಿ ಬಹಳ ನುಣುಪಾಗಿ ಅರೆದ ಈ ಮಣ್ಣನ್ನು ಎಲೆಗಳ ಮೇಲೆ ಸಿಂಪಡಿಸುವ ವಿಧಾನವನ್ನು ಅಮೆರಿಕದ ಕೃಷಿ ಇಲಾಖೆಯ ಮೈಕೆಲ್ ಗ್ಲೆನ್ ಮತ್ತು ಗ್ಯಾರಿ ಪುಟರ್ಕಾ 1990ರ ದಶಕದ ಕೊನೆಯಲ್ಲಿ ರೂಪಿಸಿದರು. ಮೊದಲು ಹಣ್ಣಿನ ಮರಗಳನ್ನು ಕೀಟಗಳಿಂದ ಕಾಯುವುದಕ್ಕೆ, ಜೊತೆಗೇ ಬಿಸಿಲ ಸುಡುವಿಕೆ ತಡೆಯುವುದಕ್ಕೆ ಅದು ಬಳಕೆಗೆ ಬಂತು. ಬೇಸಿಗೆಯಲ್ಲಿ ಕಾದ ಬಾಣಲೆಯಂತಾಗುವ ಪೋರ್ಚುಗಲ್‌ನ ಡೋರೋ ಕಣಿವೆಯ ದ್ರಾಕ್ಷಿ ತೋಟಗಳಲ್ಲಿ ಆಮೇಲೆ ಇದರ ಪರೀಕ್ಷೆಗಳು ನಡೆದು, ಬಿಳಿ ಲೇಪದ ಎಲೆಗಳು ತಂಪಾಗಿ ಉಳಿದದ್ದು ಕಂಡಿತು.

ಪೈನ್ ಅಂಟಿಗೂ ಜೇಡಿಮಣ್ಣಿಗೂ ವ್ಯತ್ಯಾಸ ಏನು? ಅಂಟು ಬಾಗಿಲು ಮುಚ್ಚುತ್ತದೆ. ಮಣ್ಣು ಬಿಸಿಲನ್ನು ಬಾಗಿಲವರೆಗೆ ಬರಗೊಡದೆ ಮೇಲಿನಿಂದಲೇ ಒಂದಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಬೇಸಿಗೆಯಲ್ಲಿ ನಾವು ತಲೆಗೆ ಬಿಳಿ ರುಮಾಲು ಸುತ್ತುವುದಕ್ಕೂ ಬೆವರು ಬರದಂತೆ ಮೈಗೆ ಮೇಣ ಮೆತ್ತಿಕೊಳ್ಳುವುದಕ್ಕೂ ಇರುವ ಅಂತರ ಇದು. ಹೀಗಾಗಿ ಮಣ್ಣು ಕೂರಬೇಕಾದದ್ದು ಎಲೆಯ ಮೇಲ್ಮೈಯಲ್ಲಿ, ಬಾಗಿಲುಗಳಿಲ್ಲದ ಕಡೆ. ದ್ರಾಕ್ಷಿ ಎಲೆ ಈ ಮಟ್ಟಿಗೆ ನಮಗೆ ಅನುಕೂಲವಾಗಿಯೇ ಇದೆ.

ಇದರದ್ದೂ ಮಿತಿಗಳಿವೆ. ನೀರು ಸಾಕಷ್ಟಿದ್ದು ಹವೆ ತಂಪಾಗಿದ್ದರೆ ಬಿಳಿ ಲೇಪ ಬೆಳಕನ್ನು ಕಡಿಮೆ ಮಾಡಿ ನಷ್ಟವನ್ನೇ ತಂದೀತು. ಹಣ್ಣಿನ ಮೇಲೆ ಕೂತರೆ ಗೊನೆ ಸುಣ್ಣ ಬಳಿದಂತೆ ಕಂಡು ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಆದರೆ ನಮ್ಮಲ್ಲಿ ಮೇ ತಿಂಗಳಲ್ಲಿ ಬಳ್ಳಿಯ ಮೇಲೆ ಹಣ್ಣೇ ಇರುವುದಿಲ್ಲ. ಬೇಸಿಗೆಯಲ್ಲೇ ಹಣ್ಣು ಬಿಡುವ ದೇಶಗಳ ರೈತರಿಗೆ ಇರುವ ಈ ತಲೆನೋವು ನಮಗಿಲ್ಲ. “ಹಂಗಾದ್ರ ಸುಣ್ಣಾನ ಹೊಡದ್ರ ಆಗಂಗಿಲ್ಲೇನ್ರಿ, ಸೋವಿ ಬೀಳತೈತಿ?” ಎಂದು ಅವನ ತಂದೆ ಕೇಳಿದರು. ಸುಣ್ಣ ಬಿಳಿ ನಿಜ, ಆದರೆ ಕಟುವಾದ ಕ್ಷಾರ. ಎಳೆಯ ಎಲೆಗೆ ಅದು ಸುಡುಗಾಯವನ್ನೇ ಮಾಡುತ್ತದೆ. ಜೇಡಿಮಣ್ಣು ಎಲೆಯೊಡನೆ ಯಾವ ರಾಸಾಯನಿಕ ಜಗಳಕ್ಕೂ ಹೋಗುವುದಿಲ್ಲ.

ಉಳಿದ ಬಾಟಲಿಗಳಲ್ಲಿ ಒಂದು ಪೊಟ್ಯಾಷ್, ಎರಡು ಸಮುದ್ರ ಪಾಚಿಯ ಸತ್ವ. ಪತ್ರರಂಧ್ರದ ಎರಡೂ ಬದಿಯ ಕಾವಲು ಕೋಶಗಳು ಉಬ್ಬಿ ಬಾಗಿಲು ತೆರೆಯುವುದು, ಕುಗ್ಗಿ ಮುಚ್ಚುವುದು ಪೊಟ್ಯಾಸಿಯಂನ ಓಡಾಟದಿಂದಲೇ. ಬಳ್ಳಿಯಲ್ಲಿ ಅದರ ಕೊರತೆ ಇದ್ದರೆ ಬಾಗಿಲ ಕೀಲು ಸಡಿಲವಾದಂತೆ. ಲೀಟರಿಗೆ ಐದರಿಂದ ಹತ್ತು ಗ್ರಾಂ ಪೊಟ್ಯಾಷ್ ಗೊಬ್ಬರ ಕರಗಿಸಿ ಸಿಂಪಡಿಸುವುದು ಕೊರತೆ ಇದ್ದಲ್ಲಿ ಒಳ್ಳೆಯದು. ಇಲ್ಲದಲ್ಲಿ ಅದು ಪವಾಡ ಮಾಡುವುದಿಲ್ಲ. ಪಾಚಿಯ ಸತ್ವಗಳು ಬಳ್ಳಿಯ ಸ್ವಂತ ತಾಳಿಕೆಯ ಶಕ್ತಿಯನ್ನು ಎಚ್ಚರಿಸುವಂಥವು. ಬಿಸಿಲು ಬೀಳುವ ಮೊದಲೇ ಕೊಟ್ಟರೆ ಒಂದಿಷ್ಟು ಉಪಯೋಗ ಉಂಟು. ಬಳ್ಳಿ ಬಾಡಿ ನಿಂತ ಮೇಲೆ ಹೊಡೆದರೆ ಪರೀಕ್ಷೆಯ ದಿನ ಬೆಳಿಗ್ಗೆ ಪುಸ್ತಕ ತೆರೆದಂತೆ. ಇಂಥ ಜೈವಿಕ ಉತ್ತೇಜಕಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿತು. ಆದ್ದರಿಂದ ಒಳಗೆ ಏನಿದೆ, ಎಷ್ಟಿದೆ ಎಂದು ಚೀಟಿ ಓದಿ ಕೇಳುವ ಹಕ್ಕು ರೈತನಿಗಿದೆ. ಅವನ ಎರಡು ಬಾಟಲಿಗಳಲ್ಲಿ ಒಂದರ ಮೇಲೆ ಸಿಂಹದ ಚಿತ್ರವಿತ್ತು, ಒಳಗಿನ ವಸ್ತುವಿನ ಹೆಸರಿರಲಿಲ್ಲ.

ನಮ್ಮ ಕಡೆ ಎಲ್ಲ ಸಿಂಪರಣೆಗೂ ‘ಎಣ್ಣಿ ಹೊಡೆಯುವುದು’ ಎಂಬ ಒಂದೇ ಮಾತು. ಎಲೆಗೆ ಎಣ್ಣಿ ಹೊಡೆದರೆ ಬಳ್ಳಿಗೆ ನೀರು ಕುಡಿಸಿದಂತೆಯೇ ಎಂದು ಒಳಗೊಳಗೆ ನಂಬಿದವರೂ ಇದ್ದಾರೆ. ಅದಕ್ಕೆ ಹುಡುಗನ ಕೈಯಲ್ಲಿ ಒಂದು ಲೆಕ್ಕ ಮಾಡಿಸಿದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ಎಕರೆಗೆ 400 ಲೀಟರ್ ದ್ರಾವಣ ಸಿಂಪಡಿಸಿದರೆ ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಬೇಸಿಗೆಯಲ್ಲಿ ನಮ್ಮ ಕಡೆ ತೆರೆದ ತಟ್ಟೆಯ ನೀರು ದಿನಕ್ಕೆ ಎಂಟು-ಹತ್ತು ಮಿಲಿಮೀಟರ್ ಇಂಗಿಹೋಗುತ್ತದೆ. ಸಿಂಪರಣೆಯ ನೀರು ಆ ಸೂರ್ಯನಿಗೆ ಹಲ್ಲಿಗೂ ಸಾಲದು. ಬೇರು ಕುಡಿದ ನೀರಿನಲ್ಲೂ ನೂರಕ್ಕೆ ಒಂದೆರಡು ಪಾಲು ಮಾತ್ರ ಗಿಡದ ಮೈಯಲ್ಲಿ ಉಳಿಯುವುದು. ಮಿಕ್ಕದ್ದೆಲ್ಲ ಎಲೆಯಿಂದ ಗಾಳಿಗೆ. ಹಾಗಾಗಿ ಸಿಂಪರಣೆಯಿಂದ ಕೇಳಬೇಕಾದದ್ದು ನೀರನ್ನಲ್ಲ, ಇರುವ ನೀರು ನಾಲ್ಕು ದಿನ ಹೆಚ್ಚು ಬರುವಂತೆ ಮಾಡುವ ಬಿಡುವನ್ನು.

ಅದೇ ಕಾಗದದ ಇನ್ನೊಂದು ಮಗ್ಗುಲಲ್ಲಿ ಅವನ ಯೋಜನೆ ಬರೆದೆವು. ಮೊದಲನೆಯದು ಎಲೆಯ ಲೆಕ್ಕ. ಎಷ್ಟು ಎಲೆಯೋ ಅಷ್ಟು ಬಾಯಿ. ಬೇಡದ ಚಿಗುರನ್ನು ಎಳೆಯದಿದ್ದಾಗಲೇ ಮುರಿಯಬೇಕು. ಇದಕ್ಕೆ ಬಾಟಲಿ ಬೇಡ, ಕೈ ಸಾಕು. ಎರಡನೆಯದು ನೆಲ. ಬಳ್ಳಿಯ ಬುಡದಲ್ಲಿ ಕಬ್ಬಿನ ರವದಿ ದಪ್ಪಗೆ ಹಾಸಿ, ಡ್ರಿಪ್ಪಿನ ನಳಿಗೆಯನ್ನು ಅದರ ಕೆಳಗೆ ಬಿಡುವುದು. ಬರಿನೆಲದಿಂದ ಇಂಗಿಹೋಗುವ ನೀರು ಯಾವ ಎಲೆಗೂ ಯಾವ ಕಣ್ಣಿಗೂ ಉಪಯೋಗವಾಗದೆ ಹೋಗುವಂಥದ್ದು. ಅದನ್ನು ಉಳಿಸಿದರೆ ಬಳ್ಳಿಗೆ ಯಾವ ನಷ್ಟವೂ ಇಲ್ಲ. ಮೂರನೆಯ ಸ್ಥಾನದಲ್ಲಿ ಬಂತು ಬಿಳಿಮಣ್ಣು. ಉಳಿದ ಬಾಟಲಿಗಳು ಅಂಗಡಿಗೆ ವಾಪಸ್ಸು; ಅವುಗಳಿಗೆಂದು ಎತ್ತಿಟ್ಟ ರೊಕ್ಕದಲ್ಲಿ ಕೆಲವು ಟ್ಯಾಂಕರ್ ನೀರು.

ಸಿಂಪಡಿಸುವುದರಲ್ಲೂ ಕೆಲವು ಎಚ್ಚರಗಳಿವೆ. ಮಣ್ಣು ಲೀಟರಿಗೆ ಮೂವತ್ತರಿಂದ ಅರವತ್ತು ಗ್ರಾಂ ಬೇಕಾಗುತ್ತದೆ. ಅದು ಕರಗುವ ವಸ್ತುವಲ್ಲ, ತೇಲುವ ವಸ್ತು. ಟಾಕಿಯಲ್ಲಿ ಕಲಕುತ್ತಲೇ ಇರದಿದ್ದರೆ ತಳಕ್ಕೆ ಕೂತು ನಾಜಲ್ ಕಟ್ಟುತ್ತದೆ. ಹೊಸ ಎಲೆ ಬಂದಂತೆ, ಮಳೆ ತೊಳೆದಂತೆ ಮತ್ತೆ ಹೊಡೆಯಬೇಕು. ಹೊತ್ತೇರುವ ಮುನ್ನ ಇಲ್ಲವೇ ಸಂಜೆ ಐದರ ಮೇಲೆ ಹೊಡೆಯುವುದು ಎಲ್ಲ ಸಿಂಪರಣೆಗೂ ಒಳ್ಳೆಯದು. ಉರಿಬಿಸಿಲಿನಲ್ಲಿ ಹನಿ ಬೇಗ ಆರಿ, ಅದರಲ್ಲಿದ್ದ ಲವಣ ಎಲೆಯ ಅಂಚಿನಲ್ಲಿ ಗಟ್ಟಿಯಾಗಿ ಸುಡುತ್ತದೆ. ಪೊಟ್ಯಾಷಿನಂಥ ಲವಣಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಮ್ಮ ಬೋರಿನ ನೀರೇ ಉಪ್ಪು. ಬೇಸಿಗೆಯ ಕೊನೆಗೆ ಅದು ಇನ್ನಷ್ಟು ಉಪ್ಪಾಗುತ್ತದೆ. ಸಿಂಪರಣೆಗಾದರೂ ಸಿಹಿನೀರು ತರುವುದು ಲೇಸು.

ಒಂದು ಷರತ್ತು ನಾನು ಹಾಕಿದೆ. ರವದಿ ಹಾಸಿದ ಒಂದು ಎಕರೆಯಲ್ಲಿ ಎರಡು ಸಾಲಿಗೆ ಮಣ್ಣು ಹೊಡೆಯಬಾರದು, ಹಾಗೇ ಬಿಡಬೇಕು ಎಂದೆ. ಹೋಲಿಸಿ ನೋಡಲು ಏನೂ ಇಲ್ಲದಿದ್ದರೆ ಬಳ್ಳಿ ಉಳಿದದ್ದು ಮಣ್ಣಿನಿಂದಲೋ ದೇವರಿಂದಲೋ ತಿಳಿಯುವುದು ಹೇಗೆ? ಇನ್ನೊಂದು ಹೋಲಿಕೆ ತಾನಾಗಿಯೇ ಒದಗಿತು. ಸಿಕ್ಕ ರವದಿ ಎರಡು ಎಕರೆಗೆ ಮಾತ್ರ ಸಾಕಾಯಿತು. ಮೂರನೆಯ ಎಕರೆಗೆ ಬಿಳಿಮಣ್ಣಷ್ಟೇ ಗತಿ.

ಮೇ ಕೊನೆಯ ಹೊತ್ತಿಗೆ ತೋಟ ನೋಡಿದವರು ಬೂದಿ ಹಾರಿ ಬಿದ್ದಿದೆಯೇನೋ ಅಂದುಕೊಳ್ಳಬೇಕು, ಹಾಗಿತ್ತು. ಉಷ್ಣಮಾಪಕ ಹಿಡಿದರೆ ಅದೇ ಕ್ರಮ ಮತ್ತೆ ಮತ್ತೆ ಕಂಡಿತು. ಬಾಯಾರಿದ ಬರಿಯ ಎಲೆ ಹೆಚ್ಚು ಬಿಸಿ, ಬಿಳಿ ಎಲೆ ಅದಕ್ಕಿಂತ ಕಡಿಮೆ, ನೀರುಂಡ ಬಳ್ಳಿಯ ಬಿಳಿ ಎಲೆ ಎಲ್ಲಕ್ಕಿಂತ ತಂಪು. ಹಣೆ ನೋಡುವ ಯಂತ್ರದ ಅಂಕಿಗಳನ್ನು ಸಂಶೋಧನೆ ಎಂದು ಇಲ್ಲಿ ಬರೆಯಲಾರೆ. ಕ್ರಮ ಮಾತ್ರ ತಪ್ಪಲಿಲ್ಲ. ಮಣ್ಣು ಹೊಡೆಯದ ಎರಡು ಸಾಲುಗಳಲ್ಲಿ ಪಡುವಣ ಬಿಸಿಲಿಗೆ ಮುಖ ಮಾಡಿದ ಎಲೆಗಳ ಅಂಚು ಸುಟ್ಟಿತು, ಆದರೆ ಬಳ್ಳಿಗಳು ತಡೆದುಕೊಂಡವು. ಮಣ್ಣು ಮಾತ್ರ ಇದ್ದು ರವದಿ ಇಲ್ಲದ ಎಕರೆಯಲ್ಲಿ ಎಲೆಯ ಅಂಚು ಚೆನ್ನಾಗಿಯೇ ಇತ್ತು. ಆದರೆ ಬುಡದ ಎಲೆಗಳು ಹಳದಿಯಾಗಿ ಉದುರಿದವು, ಕಡ್ಡಿ ತೆಳ್ಳಗೆ ನಿಂತಿತು. ಸೆಪ್ಟೆಂಬರಿನಲ್ಲಿ ಕಡ್ಡಿ ಒಯ್ದು ಕಣ್ಣು ಸೀಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗಲೂ ಆ ಎಕರೆಯಲ್ಲಿ ಗೊನೆ ಹಿಡಿದ ಕಣ್ಣುಗಳು ಉಳಿದೆರಡಕ್ಕಿಂತ ಕಡಿಮೆ. ಒಂದು ತೋಟದ ಒಂದು ಬೇಸಿಗೆ ಯಾವುದನ್ನೂ ಸಿದ್ಧಮಾಡಿ ತೋರಿಸುವುದಿಲ್ಲ. ಆದರೂ ನೆಲಕ್ಕೆ ಹಾಸಿದ ರವದಿ ಎಲೆಗೆ ಬಳಿದ ಮಣ್ಣಿಗಿಂತ ಹೆಚ್ಚು ಕೆಲಸ ಮಾಡಿತು ಎಂಬುದು ನಮ್ಮಿಬ್ಬರಿಗೂ ಕಣ್ಣಾರೆ ಕಂಡ ಮಾತು. ಮೂರೂ ಎಕರೆಯ ಬಳ್ಳಿಗಳು ಉಳಿದವು. ಫಸಲು ಎರಡು ಎಕರೆಯಲ್ಲಿ ಚೆನ್ನಾಗಿ ಬಂತು, ಮೂರನೆಯದರಲ್ಲಿ ಖರ್ಚಿಗೆ ಸರಿಹೋಯಿತು.

ನನ್ನನ್ನು ಕಾಡುವುದು ಬೇರೆ ವಿಷಯ. ಬರ ಬಂದಾಗ ರೈತನ ಕೈಯಲ್ಲಿ ರೊಕ್ಕ ಕಡಿಮೆ, ಎದೆಯಲ್ಲಿ ಹೆದರಿಕೆ ಹೆಚ್ಚು. ಬಾಟಲಿಗಳು ಮಾರಾಟವಾಗುವುದು ಆ ಹೆದರಿಕೆಗೆ. ರವದಿ ಹಾಸಿ ಎಂದು ಯಾರೂ ಜಾಹೀರಾತು ಕೊಡುವುದಿಲ್ಲ, ಏಕೆಂದರೆ ರವದಿಗೆ ಕಂಪನಿ ಇಲ್ಲ. ಚಿಗುರು ಮುರಿಯಿರಿ ಎಂದು ಗೋಡೆಯ ಮೇಲೆ ಬರೆಸುವವರಿಲ್ಲ. ಎಷ್ಟೋ ಕಡೆ ಕಬ್ಬು ಕಡಿದ ಮೇಲೆ ಅದೇ ರವದಿಗೆ ಬೆಂಕಿ ಇಡುತ್ತಾರೆ. ಹತ್ತು ಮೈಲಿ ಈಚೆ ದ್ರಾಕ್ಷಿ ಬಳ್ಳಿಯ ಬುಡ ಕಾದ ಹಂಚಿನಂತಿರುತ್ತದೆ. ಕೃಷಿಹೊಂಡ ತೋಡಿ ಮಳೆನೀರು ಹಿಡಿದವರು, ಉಪ್ಪು ಮತ್ತು ಬರ ತಾಳುವ ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟಿಸಿದವರು, ಸಿಂಪರಣೆಯ ಯೋಚನೆಗೆ ಬರುವ ಮೊದಲೇ ಅರ್ಧ ಗೆದ್ದಿರುತ್ತಾರೆ. ಎಲೆಯ ಮೇಲಿನ ಲೇಪ ಅಂಥವರಿಗೆ ಉಪಕಾರ ಮಾಡುತ್ತದೆ. ಬೇರಿನಲ್ಲಿ ಏನೂ ಇಲ್ಲದವನಿಗೆ ಅದು ಸ್ವಲ್ಪ ಕಾಲ ಕೊಡಬಲ್ಲದು, ನೀರು ಕೊಡಲಾರದು.

ಈಗ ಒಂಬತ್ತನೆಯ ತರಗತಿಗೆ ಬಾಷ್ಪವಿಸರ್ಜನೆ ಪಾಠ ಮಾಡುವಾಗ ನಾಲ್ಕು ಎಲೆಗಳ ಜೊತೆಗೆ ಐದನೆಯದೊಂದನ್ನೂ ಸೇರಿಸಿದ್ದೇನೆ. ಅದನ್ನು ಕೀಳುವುದಿಲ್ಲ. ಶಾಲೆಯ ಕಾಂಪೌಂಡಿನ ಮೇಲೆ ಹಬ್ಬಿದ ಬಳ್ಳಿಯಲ್ಲೇ ಬಿಟ್ಟು, ಕೆಳಮೈಗೆ ವ್ಯಾಸಲೀನ್ ಸವರಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಕ್ಕಳ ಕೈಗೆ ಉಷ್ಣಮಾಪಕ ಕೊಡುತ್ತೇನೆ. ದಾರಕ್ಕೆ ಕಟ್ಟಿದ ಎಲೆ ಹಸಿರಾಗಿ ಉಳಿದದ್ದು ಏಕೆ, ಬಳ್ಳಿಯ ಮೇಲಿನದು ಕಾದದ್ದು ಏಕೆ ಎಂದು ಅವರೇ ಬರೆಯಬೇಕು. ತರಗತಿಯಲ್ಲಿ ಅರ್ಧದಷ್ಟು ದ್ರಾಕ್ಷಿ ಬೆಳೆಯುವವರ ಮಕ್ಕಳು. ಉತ್ತರದ ಹಾಳೆ ನನ್ನ ಕೈ ಸೇರುವ ಮೊದಲೇ ಒಬ್ಬಿಬ್ಬರ ಮನೆಯಲ್ಲಾದರೂ ಅದನ್ನು ಓದಿರುತ್ತಾರೆ.